ಕೋಲಾರದ ಬಾಯಿ, ಕಿದ್ವಾಯಿಯ ಬಾಗಿಲು

ಮುಳಬಾಗಿಲು, ಶ್ರೀನಿವಾಸಪುರದ ಕಡೆ ‘ಕಿದ್ವಾಯಿಗೆ ಬರೆದುಕೊಟ್ಟಿದ್ದಾರೆ’ ಅಂದರೆ ಸಾಕು, ಮುಂದಕ್ಕೆ ಯಾರೂ ಏನೂ ಕೇಳುವುದಿಲ್ಲ. ರೋಗದ ಹೆಸರನ್ನು ಬಾಯಿಬಿಟ್ಟು ಹೇಳುವ ಕಷ್ಟ ಮನೆಯವರಿಗೆ ತಪ್ಪುತ್ತದೆ. ಉತ್ತರ ಪ್ರದೇಶದ ರಾಜಕಾರಣಿಯೊಬ್ಬರ ಮನೆತನದ ಹೆಸರು ಆಂಧ್ರದ ಗಡಿಗೆ ಅಂಟಿಕೊಂಡ ನಮ್ಮ ಹಳ್ಳಿಗಳ ಮಾತಿನಲ್ಲಿ ಇಷ್ಟು ಆಳಕ್ಕೆ ಇಳಿದಿರುವುದು ವಿಚಿತ್ರವೇ. ರಫಿ ಅಹ್ಮದ್ ಕಿದ್ವಾಯಿ ನೆಹರೂ ಸಂಪುಟದಲ್ಲಿ ಮೊದಲು ಸಂಪರ್ಕ ಖಾತೆಯನ್ನೂ ಆಮೇಲೆ ಆಹಾರ ಮತ್ತು ಕೃಷಿ ಖಾತೆಯನ್ನೂ ನೋಡಿಕೊಂಡವರು, 1954ರಲ್ಲಿ ತೀರಿಕೊಂಡವರು. ಅವರ ಸ್ಮಾರಕವಾಗಿ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಎದ್ದ ಗಂಥಿ ಸಂಸ್ಥೆ ಕೋಲಾರ ಜಿಲ್ಲೆಯ ಎಷ್ಟೋ ಮನೆಗಳಿಗೆ ತಮ್ಮ ಕುಲದೇವರ ಗುಡಿಗಿಂತ ಪರಿಚಿತವಾದ ವಿಳಾಸ.

ಸಂಸ್ಥೆ ಶುರುವಾದದ್ದು 1973ರ ಜೂನ್ 26ರಂದು, ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ. 1980ರಲ್ಲಿ ಅದಕ್ಕೆ ಸ್ವಾಯತ್ತತೆ ಸಿಕ್ಕಿತು, ಅದೇ ವರ್ಷ ಕೇಂದ್ರ ಸರ್ಕಾರ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆಂದು ಮಾನ್ಯ ಮಾಡಿತು. ಡಾ. ಎಂ. ಕೃಷ್ಣ ಭಾರ್ಗವ ಅವರು ನಿರ್ದೇಶಕರಾಗಿದ್ದ ಆ ದಶಕದಲ್ಲೇ ಅದು ಬರೀ ‘ಕರೆಂಟು ಕೊಡುವ’ ಆಸ್ಪತ್ರೆ ಎಂಬ ಸ್ಥಿತಿಯಿಂದ ಮೇಲೆದ್ದು ಶಸ್ತ್ರಚಿಕಿತ್ಸೆ, ಔಷಧ ಚಿಕಿತ್ಸೆ, ರೋಗಪತ್ತೆ, ಸಂಶೋಧನೆ ಎಲ್ಲ ಒಂದೇ ಆವರಣದಲ್ಲಿ ಇರುವ ಸಂಸ್ಥೆಯಾಯಿತು. ವಿಕಿರಣ ಚಿಕಿತ್ಸೆಗೆ ನಮ್ಮ ಜನ ಇಟ್ಟ ಹೆಸರೇ ಕರೆಂಟು. ಎಷ್ಟು ತಿದ್ದಿದರೂ ಅದು ಹೋಗಿಲ್ಲ, ಈಗ ಆಸ್ಪತ್ರೆಯವರೂ ರೋಗಿಯ ಹತ್ತಿರ ಹಾಗೆಯೇ ಹೇಳುತ್ತಾರೆ.

ಆಗಿನ ಕೋಲಾರ ಜಿಲ್ಲೆ ಈಗಿನದ್ದಲ್ಲ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಬಾಗೇಪಲ್ಲಿ, ಗೌರಿಬಿದನೂರಿನಿಂದ ಹಿಡಿದು ಮಾಲೂರು, ಮುಳಬಾಗಿಲವರೆಗೆ ಹನ್ನೊಂದು ತಾಲ್ಲೂಕು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಇಷ್ಟು ದೊಡ್ಡ ಜಿಲ್ಲೆಗೆ ಕೋಲಾರದ ಶ್ರೀ ನರಸಿಂಹರಾಜ ಆಸ್ಪತ್ರೆ, ಮೆಥಡಿಸ್ಟ್ ಮಿಷನ್ನಿನವರು 1910ರಲ್ಲಿ ಆರಂಭಿಸಿದ ಇ.ಟಿ.ಸಿ.ಎಂ. ಆಸ್ಪತ್ರೆ, ಕೆಜಿಎಫ್‌ನಲ್ಲಿ ಗಣಿಯವರ ಆಸ್ಪತ್ರೆ ಇದ್ದವು. ಹೆರಿಗೆಗೆ, ಜ್ವರಕ್ಕೆ, ಹಾವು ಕಡಿತಕ್ಕೆ, ಗಣಿಧೂಳಿನ ಕೆಮ್ಮಿಗೆ ಅವು ನಡೆಯುತ್ತಿದ್ದವು. ಕ್ಯಾನ್ಸರ್ ಎಂದರೆ ಬೆಂಗಳೂರೇ. ಮಾಲೂರಿನವರಿಗೆ ರೈಲು ಕೈಗೆ ಸಿಗುತ್ತಿತ್ತು, ಹೇಗೋ ಬೆಳಿಗ್ಗೆ ಹೋಗಿ ಸಂಜೆ ವಾಪಸಾಗಬಹುದಿತ್ತು. ಮುಳಬಾಗಿಲಿಗೆ ಇಂದಿಗೂ ರೈಲಿಲ್ಲ. ನೂರು ಕಿಲೋಮೀಟರಿನ ಆಸುಪಾಸು ಬಸ್ಸಿನಲ್ಲಿ ಕೂತು, ಮೆಜೆಸ್ಟಿಕ್ಕಿನಲ್ಲಿ ಇಳಿದು, ಹೊಸೂರು ರಸ್ತೆಯ ಸಿಟಿ ಬಸ್ಸು ಯಾವುದೆಂದು ನಾಲ್ಕು ಜನರನ್ನು ಕೇಳಿ ಹತ್ತಬೇಕು. ಬಾಯಿ ತೆರೆಯಲಾಗದ ಹೆಂಗಸು ಆ ನಾಲ್ಕು ಜನರನ್ನು ಹೇಗೆ ಕೇಳಿಯಾಳು?

ಬಾಯಿ ಎಂದೆ. ಕೋಲಾರದ ಕ್ಯಾನ್ಸರಿನ ಕಥೆ ಬಹುಪಾಲು ಬಾಯಿಯದೇ.

ಕೋಲಾರದ ಟಮಕದಲ್ಲಿರುವ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ರೋಗಶಾಸ್ತ್ರ ವಿಭಾಗದ ಡಾ. ಆರ್. ಕಲ್ಯಾಣಿ ಮತ್ತು ಸಂಗಡಿಗರು ತಮ್ಮ ವಿಭಾಗಕ್ಕೆ ಹತ್ತು ವರ್ಷಗಳಲ್ಲಿ ಬಂದ ಕ್ಯಾನ್ಸರ್ ಪ್ರಕರಣಗಳನ್ನೆಲ್ಲ ಕ್ರೋಡೀಕರಿಸಿ 2010ರಲ್ಲಿ ಇಂಡಿಯನ್ ಜರ್ನಲ್ ಆಫ್ ಕ್ಯಾನ್ಸರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಲ್ಲಿ ಎದ್ದು ಕಾಣುವುದು ಬಾಯಿಯ ಕ್ಯಾನ್ಸರು, ಅದರಲ್ಲೂ ಹೆಂಗಸರ ಬಾಯಿಯದು. ದೇಶದ ಬಹಳ ಕಡೆ ಇದು ಗಂಡಸರ ಕಾಯಿಲೆ, ಇಲ್ಲಿ ತಿರುವುಮುರುವು. ಕಾರಣ ಹುಡುಕಲು ಯಾರೂ ದೂರ ಹೋಗಬೇಕಾಗಿಲ್ಲ. ನಮ್ಮ ಸೀಮೆಯಲ್ಲಿ ಹೆಂಗಸು ಬೀಡಿ ಸೇದಿದರೆ ಊರು ನಗುತ್ತದೆ, ಎಲೆಅಡಿಕೆಗೆ ಚೂರು ಹೊಗೆಸೊಪ್ಪು ಸೇರಿಸಿಕೊಂಡರೆ ಯಾರೂ ತಿರುಗಿ ನೋಡುವುದಿಲ್ಲ. ನಾಟಿ, ಕಳೆ, ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವ ಕೆಲಸ, ಇಟ್ಟಿಗೆ ಗೂಡು, ಟೊಮ್ಯಾಟೊ ತೋಟ: ಮಧ್ಯಾಹ್ನದ ಹಸಿವನ್ನು ಮುಂದೂಡುವುದಕ್ಕೆ ಕಡ್ಡಿಪುಡಿಗಿಂತ ಅಗ್ಗವಾದದ್ದು ಸಿಗದು. ಹಲ್ಲುನೋವಿಗೂ ಅದೇ ಮದ್ದು. ಮದುವೆಯಾಗಿ ಬಂದ ವರ್ಷ ಅತ್ತೆ ಕೊಟ್ಟ ಚೂರು, ಮೊಮ್ಮಕ್ಕಳ ಕಾಲಕ್ಕೆ ಸೊಂಟದ ಚೀಲದಲ್ಲಿ ಕಾಯಂ ಆಗಿರುತ್ತದೆ.

ಹೊರರೋಗಿ ವಿಭಾಗದಲ್ಲಿ ಮಾತು ಹೆಚ್ಚುಕಮ್ಮಿ ಹೀಗೇ ಶುರುವಾಗುತ್ತದೆ.

‘ಬಾಯಿ ತೆಗೀರಮ್ಮ.’

ಎರಡು ಬೆರಳು ಹಿಡಿಯುವಷ್ಟು ತೆರೆಯುತ್ತದೆ. ಮನೆಮಾತು ತೆಲುಗಾದರೆ, ಶ್ರೀನಿವಾಸಪುರ, ಮುಳಬಾಗಿಲಿನವರಲ್ಲಿ ಬಹುಮಂದಿಗೆ ಅದೇ, ಪಕ್ಕದಲ್ಲಿದ್ದ ನರ್ಸಮ್ಮ ‘ನೋರು ತೆರವಮ್ಮಾ’ ಎಂದು ಇನ್ನೊಮ್ಮೆ ಹೇಳುತ್ತಾಳೆ.

‘ಎಷ್ಟು ದಿನದಿಂದ ಈ ಹುಣ್ಣು?’

‘ಸಂಕ್ರಾಂತಿ ಮುಂಚೆಯಿಂದ ಸ್ವಾಮಿ. ಖಾರ ತಗುಲಿದರೆ ಉರೀತದೆ.’

‘ಸೊಪ್ಪು ರಾತ್ರಿ ಮಲಗೋವಾಗಲೂ ಇಟ್ಕೊಳ್ತೀರಾ?’

‘ಅದಿಲ್ಲದೆ ನಿದ್ದೆ ಎಲ್ಲಿ ಬರ್ತದೆ?’

ಈ ಕೊನೆಯ ಉತ್ತರದ ಬೆಲೆಯನ್ನು ಕಿದ್ವಾಯಿ ಸಂಸ್ಥೆ ಲೆಕ್ಕ ಹಾಕಿ ತೋರಿಸಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಯೋಜನೆಯಲ್ಲಿ ಬೆಂಗಳೂರು ನಗರದ ನೋಂದಣಿ ಕೇಂದ್ರ 1982ರಲ್ಲಿ ಕಿದ್ವಾಯಿಯಲ್ಲೇ ಆರಂಭವಾಯಿತು. ಅದರ ಕಡತಗಳನ್ನು ಆಧರಿಸಿ ಡಾ. ಎ. ನಂದಕುಮಾರ್ ಮತ್ತು ತಂಡದವರು 348 ಬಾಯಿ ಕ್ಯಾನ್ಸರ್ ರೋಗಿಗಳನ್ನು ಅದೇ ಬಡಾವಣೆಯ, ಅದೇ ವಯಸ್ಸಿನ ಆರೋಗ್ಯವಂತರ ಜೊತೆ ಹೋಲಿಸಿ ನೋಡಿದರು. 1990ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಕ್ಯಾನ್ಸರ್‌ನಲ್ಲಿ ಅದು ಅಚ್ಚಾಯಿತು. ಹೊಗೆಸೊಪ್ಪಿನ ಎಲೆಅಡಿಕೆ ಹಾಕುವ ಹೆಂಗಸರಿಗೆ ಹಾಕದವರಿಗಿಂತ ಅಪಾಯ 25 ಪಟ್ಟು. ಗಂಡಸರು, ಹೆಂಗಸರು ಇಬ್ಬರನ್ನೂ ಸೇರಿಸಿ ನೋಡಿದರೆ ಬಾಯಲ್ಲಿಟ್ಟುಕೊಂಡೇ ಮಲಗುವವರಿಗೆ ಸುಮಾರು 18 ಪಟ್ಟು. ಹಗಲಲ್ಲಿ ಜಗಿಯುತ್ತಾರೆ, ಉಗಿಯುತ್ತಾರೆ, ನೀರು ಕುಡಿಯುತ್ತಾರೆ. ರಾತ್ರಿಯಲ್ಲಿ ಜೊಲ್ಲು ಸುರಿಯುವುದೂ ಕಮ್ಮಿ, ಆ ಉಂಡೆ ಕೆಳದವಡೆಗೂ ಕೆನ್ನೆಗೂ ನಡುವಣ ಸಂದಿಯಲ್ಲಿ ಅಲುಗಾಡದೆ ಏಳೆಂಟು ಗಂಟೆ ಕೂತಿರುತ್ತದೆ. ಕೋಲಾರದ ರೋಗಿಗಳಲ್ಲಿ ಹುಣ್ಣು ಏಳುವ ಜಾಗವೂ ಹೆಚ್ಚಾಗಿ ಅದೇ ಸಂದಿ.

ಅದೇ ಅಧ್ಯಯನದಲ್ಲಿ ನಮ್ಮವರಿಗೆ ಕಿವಿ ನೆಟ್ಟಗಾಗುವ ಇನ್ನೊಂದು ಸಾಲಿದೆ. ರಾಗಿಯನ್ನೇ ಮುಖ್ಯ ಆಹಾರವಾಗಿ ಉಣ್ಣುವವರಲ್ಲಿ ಅಪಾಯ ಹೆಚ್ಚು ಕಂಡಿತಂತೆ. ಇದನ್ನು ಓದಿ ಯಾರೂ ಮುದ್ದೆ ಬಿಡಬೇಕಾಗಿಲ್ಲ. ಎಂಬತ್ತರ ದಶಕದ ಬೆಂಗಳೂರಿನಲ್ಲಿ ಮೂರು ಹೊತ್ತೂ ರಾಗಿ ಉಣ್ಣುತ್ತಿದ್ದವರು ಹಳ್ಳಿಯಿಂದ ಬಂದ ಕೂಲಿಯವರು. ತಟ್ಟೆಯಲ್ಲಿ ರಾಗಿ ಇತ್ತೆಂದರೆ ಆ ಮನೆಯಲ್ಲಿ ಹಣ್ಣು, ಹಾಲು, ಹಲ್ಲಿನ ಡಾಕ್ಟರು ಇರಲಿಲ್ಲ ಎಂದರ್ಥ. ಕಾಳಿಗಿಂತ ಬಡತನದ ಮೇಲೆಯೇ ನನಗೆ ಅನುಮಾನ. ಅಡಿಕೆಯ ಮಾತು ಬೇರೆ. ಹೊಗೆಸೊಪ್ಪು ಸೇರದಿದ್ದರೂ ಬರೀ ಅಡಿಕೆಯೇ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಸ್ಪಷ್ಟವಾಗಿ ಹೇಳಿದೆ. ತಾಂಬೂಲವಿಲ್ಲದೆ ಯಾವ ಶುಭಕಾರ್ಯವೂ ನಡೆಯದ ನಾಡಿನಲ್ಲಿ ಈ ಮಾತನ್ನು ವೇದಿಕೆಯಿಂದ ಹೇಳುವ ಧೈರ್ಯ ರಾಜಕಾರಣಿಗಳಿಗೆ ಇನ್ನೂ ಬಂದಿಲ್ಲ.

ಕಾರಣ ಗೊತ್ತಾದ ಮೇಲೆ ಆಸ್ಪತ್ರೆ ಮಾಡಿದ ಕೆಲಸವೊಂದಿದೆ. ಈ ಐವತ್ತು ವರ್ಷದ ಚರಿತ್ರೆಯಲ್ಲಿ ನನ್ನ ಲೆಕ್ಕಕ್ಕೆ ಅದೇ ಎಲ್ಲಕ್ಕಿಂತ ದೊಡ್ಡದು, ಆದರೆ ಅದಕ್ಕೆ ಕಟ್ಟಡವಿಲ್ಲದ್ದರಿಂದ ಶಿಲಾಫಲಕವೂ ಇಲ್ಲ. ರೋಗಿ ಹೊಸೂರು ರಸ್ತೆಗೆ ಬರಲಿ ಎಂದು ಕಾಯದೆ ಸಂಸ್ಥೆಯೇ ಕೋಲಾರ ಜಿಲ್ಲೆಯ ಹಳ್ಳಿಗಳಿಗೆ ಹೋಯಿತು. ಮೂರು ಪ್ರದೇಶಗಳನ್ನು ಆರಿಸಿಕೊಂಡು ಯಾರು ಹೊಗೆಸೊಪ್ಪು ಹಾಕುತ್ತಾರೆ, ಯಾರು ಬೀಡಿ ಸೇದುತ್ತಾರೆ ಎಂದು ಮೊದಲು ಎಣಿಸಿದರು. ಒಂದು ಪ್ರದೇಶದ 117 ಹಳ್ಳಿಗಳಲ್ಲಿ ತಿಳಿವಳಿಕೆಯ ಕೆಲಸ ನಡೆಯಿತು. ಉಳಿದೆರಡರಲ್ಲಿ, ಒಟ್ಟು 256 ಹಳ್ಳಿಗಳಲ್ಲಿ, ಹೋಲಿಕೆಗೆಂದು ಏನೂ ಮಾಡದೆ ಬಿಟ್ಟರು. ಇದಕ್ಕಾಗಿ ಹೊಸ ಪಡೆಯನ್ನೇನೂ ಕಟ್ಟಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದ್ದ ಸಿಬ್ಬಂದಿಯನ್ನೇ ಬಳಸಿಕೊಂಡರು. ಚಲನಚಿತ್ರ ತೋರಿಸಿದರು, ಚಿತ್ರಗಳ ಪ್ರದರ್ಶನ ಇಟ್ಟರು, ಕರಪತ್ರ ಹಂಚಿದರು, ಎಲ್ಲಕ್ಕಿಂತ ಮುಖ್ಯವಾಗಿ ಮನುಷ್ಯರನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿದರು.

ಕೆಲವು ವರ್ಷಗಳ ನಂತರ ಮತ್ತೆ ಎಣಿಸಿದಾಗ ಆ 117 ಹಳ್ಳಿಗಳಲ್ಲಿ ಹೊಗೆಸೊಪ್ಪಿನ ಚಟವಿದ್ದ ಗಂಡಸರಲ್ಲಿ ಶೇ 26.5, ಹೆಂಗಸರಲ್ಲಿ ಶೇ 36.7 ಮಂದಿ ಅದನ್ನು ಬಿಟ್ಟಿದ್ದರು. ಹೋಲಿಕೆಯ ಹಳ್ಳಿಗಳಲ್ಲಿ ಹಾಗೆ ಬಿಟ್ಟವರು ತೀರ ಕಮ್ಮಿ. ಡಾ. ಎನ್. ಅನಂತ, ಡಾ. ನಂದಕುಮಾರ್ ಮತ್ತು ಇತರರು ಬರೆದ ಈ ವರದಿ 1995ರಲ್ಲಿ ಕ್ಯಾನ್ಸರ್ ಕಾಸಸ್ ಅಂಡ್ ಕಂಟ್ರೋಲ್ ಎಂಬ ಪತ್ರಿಕೆಯಲ್ಲಿ ಬಂತು. ಹೊರದೇಶದ ವಿದ್ವಾಂಸರು ಇಂದಿಗೂ ‘ಕೋಲಾರದ ಪ್ರಯೋಗ’ವನ್ನು ಉದಾಹರಿಸುತ್ತಾರೆ. ಕೋಲಾರದ ಕಾಲೇಜುಗಳಲ್ಲಿ ಕೇಳಿದರೆ ಚಿನ್ನದ ಗಣಿಯ ಬಗ್ಗೆ ಗಂಟೆಗಟ್ಟಲೆ ಹೇಳುತ್ತಾರೆ, ಇದರ ಸುದ್ದಿ ಎತ್ತುವವರಿಲ್ಲ.

ಹೆಂಗಸರು ಗಂಡಸರಿಗಿಂತ ಹೆಚ್ಚಾಗಿ ಬಿಟ್ಟರು ಎಂಬ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಅಜ್ಜಿಯರ ಚಟ ಬಿಡಿಸಲಾಗದು, ಅವರ ಕಾಲ ಮುಗಿಯಿತು, ಮಕ್ಕಳಿಗಾದರೂ ಹೇಳೋಣ ಎಂದು ಕೈಚೆಲ್ಲುವವರು ಆರೋಗ್ಯ ಇಲಾಖೆಯಲ್ಲೂ ಇದ್ದಾರೆ. ಕೋಲಾರದ ಅಂಕಿ ಅದಕ್ಕೆ ಉಲ್ಟಾ ಹೇಳುತ್ತದೆ. ಯಾರೂ ಅಲ್ಲಿಯವರೆಗೆ ಆ ಹೆಂಗಸರಿಗೆ ಅವರ ಬಾಯಿಯ ವಿಚಾರವಾಗಿ ಮರ್ಯಾದೆಯಿಂದ ಒಂದು ಮಾತು ಹೇಳಿರಲಿಲ್ಲ ಅಷ್ಟೆ.

ಟಮಕದ ಕಥೆ ಇದೇ ಹೊತ್ತಿಗೆ ಶುರು. ಹಿಂದುಳಿದ ವರ್ಗಗಳಿಗಾಗಿ ದೇವರಾಜ ಅರಸರ ಹೆಸರಿನಲ್ಲಿ ಆರ್.ಎಲ್. ಜಾಲಪ್ಪ ಅವರು ಕಟ್ಟಿದ ಟ್ರಸ್ಟು 1986ರಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. ಹೆದ್ದಾರಿಯ ಮಗ್ಗುಲಲ್ಲಿ ಈಗ ಆರ್.ಎಲ್. ಜಾಲಪ್ಪ ಆಸ್ಪತ್ರೆ ಮತ್ತು ಸಂಶೋಧನಾ ಕೇಂದ್ರ ಎಂದು ಕರೆಸಿಕೊಳ್ಳುವ ದೊಡ್ಡ ಆಸ್ಪತ್ರೆ ಅದರದ್ದು. ಜಾಲಪ್ಪನವರು ತೂಬಗೆರೆಯವರು, ಕೇಂದ್ರದಲ್ಲಿ ಜವಳಿ ಸಚಿವರಾಗಿದ್ದವರು. 2021ರ ಡಿಸೆಂಬರಿನಲ್ಲಿ ಅದೇ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಕಾಲೇಜು ಶುರುವಾದಾಗ ಇಲ್ಲಿ ಕ್ಯಾನ್ಸರ್ ಆಸ್ಪತ್ರೆ ಮಾಡಬೇಕೆಂಬ ಉದ್ದೇಶ ಯಾರ ಮನಸ್ಸಿನಲ್ಲೂ ಇದ್ದಂತಿಲ್ಲ. ರೋಗಿಗಳೇ ಅದನ್ನು ಆ ಕಡೆಗೆ ಎಳೆದರು. ಕಿವಿ, ಮೂಗು, ಗಂಟಲು ವಿಭಾಗಕ್ಕೆ ಕಿವಿ ಸೋರುವವರಿಗಿಂತ ದವಡೆ ಊದಿದವರೇ ಬರತೊಡಗಿದರೆ ವೈದ್ಯರು ತಾನೇ ಏನು ಮಾಡಬೇಕು? ಡಾ. ಅಜೀಂ ಮೊಹಿಯುದ್ದೀನ್ ಮುಂತಾದವರು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯನ್ನೇ ಮುಖ್ಯ ಕಸುಬು ಮಾಡಿಕೊಂಡರು, ವಿಕಿರಣ ಚಿಕಿತ್ಸೆಯ ವಿಭಾಗವೂ ಬಂತು, ಕೋಲಾರದ ಬಾಯಿಯ ಕ್ಯಾನ್ಸರ್ ಬಗ್ಗೆ ಅಲ್ಲಿಂದಲೇ ಒಂದರ ಹಿಂದೆ ಒಂದು ಪ್ರಬಂಧಗಳು ಹೊರಬಂದವು. ಮುಳಬಾಗಿಲಿನವನಿಗೆ ಬೆಂಗಳೂರಿಗೆ ಹೋಗದೆಯೂ ಚಿಕಿತ್ಸೆ ಸಿಗುವ ದಾರಿ ಹೀಗೆ ತೆರೆಯಿತು.

ಇನ್ನು ಚಿಕಿತ್ಸೆ. ಓದುಗರಲ್ಲಿ ಅನೇಕರಿಗೆ ಇದರ ಒಳಗಿನ ಸ್ಥಿತಿ ಗೊತ್ತಿರುವುದಿಲ್ಲ, ಆದ್ದರಿಂದ ಬಾಯಿಯ ಕ್ಯಾನ್ಸರೊಂದನ್ನೇ ಹಿಡಿದು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲ ಜಗಳ ತುಣುಕು ಪರೀಕ್ಷೆಯದು. ಹುಣ್ಣಿನ ಅಂಚಿನಿಂದ ಚಿಕ್ಕ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡದೆ ಯಾವ ಚಿಕಿತ್ಸೆಯೂ ಶುರುವಾಗದು. ‘ಕತ್ತಿ ತಾಕಿಸಿದರೆ ಹರಡುತ್ತದೆ’ ಎಂದು ಊರಲ್ಲಿ ಯಾರೋ ಹೇಳಿ ಕಳಿಸಿರುತ್ತಾರೆ. ಅದು ಸುಳ್ಳು, ಆದರೆ ಆ ಸುಳ್ಳಿಗೆ ಹೆದರಿ ನಾಟಿ ಔಷಧಿಯ ಕಡೆ ತಿರುಗಿದವರು ಮೂರು ತಿಂಗಳು ಬಿಟ್ಟು ಬರುವ ಹೊತ್ತಿಗೆ ಕೆನ್ನೆಯ ಹೊರಗೆ ತೂತು ಬಿದ್ದಿರುತ್ತದೆ. ಆಮೇಲೆ ಸ್ಕ್ಯಾನು. ದವಡೆಯ ಮೂಳೆಗೆ ಹತ್ತಿದೆಯೇ, ಕುತ್ತಿಗೆಯ ಗಂಟಿಗೆ ಇಳಿದಿದೆಯೇ ಎಂದು ನೋಡಿ ಶಸ್ತ್ರಚಿಕಿತ್ಸಕರು, ವಿಕಿರಣ ತಜ್ಞರು, ಔಷಧ ಚಿಕಿತ್ಸೆಯವರು ಒಟ್ಟಿಗೆ ಕೂತು ತೀರ್ಮಾನ ಮಾಡುತ್ತಾರೆ. ಒಬ್ಬರೇ ವೈದ್ಯರ ಮರ್ಜಿಯಂತೆ ನಡೆಯದೆ ಮೂವರ ಒಪ್ಪಿಗೆಯಿಂದ ನಡೆಯುವುದೇ ಸಮಗ್ರ ಚಿಕಿತ್ಸೆಯ ಮೊದಲ ಹೆಜ್ಜೆ.

ಮುಂದುವರಿದ ರೋಗವಾದರೆ ಹುಣ್ಣಿನ ಸಮೇತ ದವಡೆಯ ಒಂದು ಭಾಗ ತೆಗೆಯುತ್ತಾರೆ, ಕುತ್ತಿಗೆಯ ಗಂಟುಗಳನ್ನೂ ಬಿಡಿಸುತ್ತಾರೆ. ಖಾಲಿಯಾದ ಜಾಗಕ್ಕೆ ಎದೆಯ ಸ್ನಾಯುವನ್ನು ಅದರ ಮೇಲಿನ ಚರ್ಮದ ಜೊತೆ, ರಕ್ತನಾಳ ಕಡಿಯದ ಹಾಗೆ ಎತ್ತಿ ಕುತ್ತಿಗೆಯ ಚರ್ಮದ ಅಡಿಯಿಂದ ತಂದು ಹೊಲಿಯುತ್ತಾರೆ. 1979ರಲ್ಲಿ ಅಮೆರಿಕದ ಸ್ಟೀಫನ್ ಆರಿಯನ್ ವಿವರಿಸಿದ ವಿಧಾನ ಇದು. ಸೂಕ್ಷ್ಮದರ್ಶಕದ ಕೆಳಗೆ ರಕ್ತನಾಳ ಜೋಡಿಸುವ ದುಬಾರಿ ಸೌಲಭ್ಯ ಇಲ್ಲದ ಕಡೆಯೂ ಆಗುವುದರಿಂದ ನಮ್ಮಂಥ ಜಿಲ್ಲೆಗಳಿಗೆ ವರವಾಯಿತು. ಎದೆಯ ಚರ್ಮ ಬಾಯೊಳಗೆ ಬಂದು ಕೂರುವುದರಿಂದ ಗಂಡಸರಿಗೆ ಕೆನ್ನೆಯೊಳಗೆ ರೋಮ ಬೆಳೆಯುವುದುಂಟು. ವಾರ್ಡಿನಲ್ಲಿ ಇದೊಂದು ನಗೆಯ ವಿಷಯ, ನಗುವುದಕ್ಕೆ ಅಲ್ಲಿ ಹೆಚ್ಚೇನೂ ಸಿಗುವುದಿಲ್ಲ.

ಗಾಯ ಮಾಗಿದ ಮೇಲೆ ವಿಕಿರಣ. ಅದಕ್ಕೂ ಮುಂಚೆ ಹಲ್ಲಿನ ವೈದ್ಯರು ಹುಳುಕು ಹಲ್ಲುಗಳನ್ನೆಲ್ಲ ಕೀಳಬೇಕು, ಯಾಕೆಂದರೆ ವಿಕಿರಣ ಬಿದ್ದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಸಾಯುತ್ತದೆ. ನಂತರ ಮುಖವಾಡ. ಜಾಲರಿಯಂಥ ಬಿಳಿ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಅದ್ದಿದರೆ ಅದು ಮೆತ್ತಗಾಗುತ್ತದೆ. ರೋಗಿಯನ್ನು ಮಲಗಿಸಿ ಮುಖದ ಮೇಲೆ ಎಳೆದು ಹಿಡಿದರೆ ಕೆಲವೇ ನಿಮಿಷದಲ್ಲಿ ಮೂಗು, ಗಲ್ಲ, ಹಣೆಯ ಆಕಾರ ತಳೆದು ಗಟ್ಟಿಯಾಗುತ್ತದೆ. ದಿನಾ ಅದನ್ನು ಮೇಜಿಗೆ ತಿರುಪು ಹಾಕಿ ಬಿಗಿಯುತ್ತಾರೆ, ತಲೆ ಒಂದಿಷ್ಟೂ ಅಲುಗಬಾರದು. ಹೆಸರು ಬರೆದ ಮುಖವಾಡಗಳು ಯಂತ್ರದ ಕೋಣೆಯ ಕಪಾಟಿನಲ್ಲಿ ಸಾಲಾಗಿ ಇರುತ್ತವೆ. ಮೊದಲ ದಿನ ಅದರೊಳಗೆ ಉಸಿರು ಕಟ್ಟಿದಂತಾಗಿ ಕೈಕಾಲು ಬಡಿಯುವವರನ್ನು ಗದರದೆ, ‘ನಾನು ಹೊರಗೆ ಟಿವಿಯಲ್ಲಿ ನಿಮ್ಮನ್ನೇ ನೋಡ್ತಾ ಇರ್ತೀನಿ, ಕೈ ಎತ್ತಿದರೆ ನಿಲ್ಲಿಸಿಬಿಡ್ತೀನಿ ಅಮ್ಮಾ’ ಎಂದು ಹೇಳುವ ತಂತ್ರಜ್ಞನ ಮೇಲೆ ಉಳಿದ ಚಿಕಿತ್ಸೆ ನಿಂತಿರುತ್ತದೆ.

ವಾರಕ್ಕೆ ಐದು ದಿನ, ಆರು ವಾರಕ್ಕೂ ಮೇಲೆ. ಒಂದೊಂದು ಸಲಕ್ಕೆ ಯಂತ್ರದಡಿ ಮಲಗುವುದು ಕೆಲವು ನಿಮಿಷ ಮಾತ್ರ. ಹಿಂದೆ ಎಲ್ಲ ಕಡೆ ಕೋಬಾಲ್ಟ್ ಯಂತ್ರಗಳೇ ಇದ್ದವು. ಕೋಬಾಲ್ಟಿನ ಶಕ್ತಿ ಐದೂಕಾಲು ವರ್ಷಕ್ಕೆ ಅರ್ಧಕ್ಕೆ ಇಳಿಯುತ್ತದೆ, ಇಳಿದಷ್ಟೂ ಪ್ರತಿ ರೋಗಿಗೂ ಹೆಚ್ಚು ನಿಮಿಷ ಬೇಕು, ಹೊರಗೆ ಸಾಲು ಉದ್ದವಾಗುತ್ತ ಹೋಗುತ್ತದೆ. ವಿದ್ಯುತ್ತಿನಿಂದ ನಡೆಯುವ ಲೀನಿಯರ್ ಆಕ್ಸಲರೇಟರುಗಳಿಗೆ ಆ ತೊಂದರೆಯಿಲ್ಲ. ಇಷ್ಟು ಹೇಳಿ ಯಂತ್ರಗಳ ವಿಚಾರ ಬಿಡುತ್ತೇನೆ. ಇಂಥ ಸ್ಮರಣ ಸಂಚಿಕೆಗಳಲ್ಲಿ ಅವುಗಳ ಫೋಟೊಗೆ ಹೇಗೂ ಕೊರತೆ ಇರುವುದಿಲ್ಲ.

ನಿಜವಾದ ಕಷ್ಟ ಇರುವುದು ಆ ಆರು ವಾರದಲ್ಲಿ. ಕೆಲವು ನಿಮಿಷದ ಚಿಕಿತ್ಸೆಗಾಗಿ ರೋಗಿ ದಿನಾ ನೂರು ಕಿಲೋಮೀಟರು ಬರಬೇಕು, ಇಲ್ಲವೇ ಊರು ಬಿಟ್ಟು ಇಲ್ಲೇ ಉಳಿಯಬೇಕು. ಜೊತೆಗೊಬ್ಬರು ಬೇಕೇ ಬೇಕು. ಇಬ್ಬರ ಕೂಲಿ ಹೋಯಿತು, ಸೀಮೆಹಸು ಹಾಲು ಕರೆಯುವವರಿಲ್ಲ, ಮಾವಿನ ಕಾಲ ಬಂದರೆ ಶ್ರೀನಿವಾಸಪುರದ ಮನೆಯಲ್ಲಿ ಕೈಗೊಬ್ಬರು ಸಿಗುವುದಿಲ್ಲ. ಅರ್ಧ ದಾರಿಗೆ ಬರುವ ಹೊತ್ತಿಗೆ ಬಾಯಲ್ಲಿ ಹುಣ್ಣೇಳುತ್ತದೆ, ನುಂಗಲಾಗುವುದಿಲ್ಲ. ‘ಒಂದು ವಾರ ಊರಿಗೆ ಹೋಗಿ ಬರ್ತೀವಿ ಸಾರ್’ ಎನ್ನುತ್ತಾರೆ. ಹೋದವರಲ್ಲಿ ಕೆಲವರು ಬರುವುದಿಲ್ಲ. ನಡುವೆ ಬಿಟ್ಟ ವಿಕಿರಣ ಚಿಕಿತ್ಸೆ ಅರ್ಧ ಗುಣ ಕೊಡುವುದಿಲ್ಲ, ಉಳಿದ ಕ್ಯಾನ್ಸರ್ ಕಣಗಳು ಆ ಬಿಡುವಿನಲ್ಲೇ ಬೇಗ ಬೇಗ ಬೆಳೆಯುತ್ತವೆ. ಆದ್ದರಿಂದ ಧರ್ಮಶಾಲೆ, ಊಟ, ಬಸ್ ಚಾರ್ಜು ಇವನ್ನು ‘ರೋಗಿಗಳಿಗೆ ನೆರವು’ ಎಂಬ ಪ್ರತ್ಯೇಕ ತಲೆಬರಹದಡಿ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಇವು ಚಿಕಿತ್ಸೆಯೇ. ಕಿದ್ವಾಯಿ ಆವರಣದಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಕಟ್ಟಿಸಿಕೊಟ್ಟ ಧರ್ಮಶಾಲೆಯ ಒಂದು ಮಂಚ ಯಂತ್ರದ ಕೋಣೆಯ ಮೇಜಿನಷ್ಟೇ ಬೆಲೆಯುಳ್ಳದ್ದು.

ನುಂಗಲಾಗದವರಿಗೆ ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸುತ್ತಾರೆ. ವಾರ್ಡಿನ ಸಿಸ್ಟರು ಸೊಸೆಗೋ ಮಗಳಿಗೋ ಅದರ ವಿದ್ಯೆ ಕಲಿಸಿ ಕಳಿಸಬೇಕು. ರಾಗಿ ಗಂಜಿಯನ್ನು ತೆಳ್ಳಗೆ ಕಾಯಿಸಿ ಬಟ್ಟೆಯಲ್ಲಿ ಶೋಧಿಸಬೇಕು, ಇಲ್ಲವಾದರೆ ಹೊಟ್ಟು ನಳಿಗೆಯಲ್ಲಿ ಕಟ್ಟಿಕೊಳ್ಳುತ್ತದೆ. ಹಾಲು, ಬೇಳೆಕಟ್ಟು, ಹಸಿಯಲ್ಲದ ಮೊಟ್ಟೆಯನ್ನು ಮಿಕ್ಸಿಯಲ್ಲಿ ನೀರಾಗಿಸಿದ್ದು. ಕೊಡುವಾಗ ತಲೆ ಎತ್ತರದಲ್ಲಿರಬೇಕು, ಕೊಟ್ಟ ಮೇಲೆ ನೀರು ಹಾಯಿಸಬೇಕು, ಅರ್ಧ ಗಂಟೆ ಮಲಗಿಸಕೂಡದು. ಓದು ಬರದ ಹೆಣ್ಣುಮಕ್ಕಳು ಇದನ್ನು ಎರಡೇ ದಿನದಲ್ಲಿ ಕಲಿತು ತಿಂಗಳುಗಟ್ಟಲೆ ತಪ್ಪಿಲ್ಲದೆ ಮಾಡುತ್ತಾರೆ. ಚಿಕಿತ್ಸೆ ಮುಗಿದ ಮೇಲೂ ದವಡೆ ಬಿಗಿದುಕೊಳ್ಳದಂತೆ ಮರದ ಚಪ್ಪಟೆ ಕಡ್ಡಿಗಳನ್ನು ಹಲ್ಲಿನ ನಡುವೆ ಒಂದೊಂದಾಗಿ ಸೇರಿಸುತ್ತ ಬಾಯಿ ತೆರೆಯುವ ಅಭ್ಯಾಸ ಮಾಡಿಸುವವರೂ ಅವರೇ.

ದುಡ್ಡಿನ ವಿಚಾರದಲ್ಲಿ ನಮ್ಮ ತಲೆಮಾರು ಕಂಡ ಬದಲಾವಣೆ ಸಣ್ಣದಲ್ಲ. ಒಂದು ಕಾಲಕ್ಕೆ ಕ್ಯಾನ್ಸರ್ ಅಂದರೆ ಹೊಲ ಅಡ ಇಡುವುದೇ. ವಾಜಪೇಯಿ ಆರೋಗ್ಯಶ್ರೀ 2010ರಿಂದ ಬಂತು, 2018ರಲ್ಲಿ ಆರೋಗ್ಯ ಕರ್ನಾಟಕ ಶುರುವಾಗಿ ಅದೇ ವರ್ಷ ಆಯುಷ್ಮಾನ್ ಭಾರತದ ಜೊತೆ ಸೇರಿತು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಅದರಲ್ಲಿ ಬರುತ್ತದೆ. ಕ್ಯಾನ್ಸರ್ ರೋಗಿಗಳಿಗೆ ರೈಲಿನಲ್ಲಿ ರಿಯಾಯಿತಿ ಹಳೆಯದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತಲ್ಲ, ಅದನ್ನು ಟೀಕಿಸುವವರು ಒಂದು ಬೆಳಿಗ್ಗೆ ಮುಳಬಾಗಿಲು ಬಸ್ ನಿಲ್ದಾಣದಲ್ಲಿ ಕೈಯಲ್ಲಿ ಆಸ್ಪತ್ರೆಯ ಫೈಲು ಹಿಡಿದು ನಿಂತ ತಾಯಿ, ಮಗಳನ್ನು ನೋಡಬೇಕು. ಕಾರ್ಡಿನ ಕೆಲಸವೂ ಸಲೀಸಲ್ಲ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಹೆಸರು ಇದ್ದರೆ ಅಲ್ಲೇ ತಡೆ. ಸಮಾಜ ಕಾರ್ಯಕರ್ತರೊಬ್ಬರು ಪಕ್ಕದಲ್ಲಿ ನಿಂತು ಫೋನು ಮಾಡಿ ಸರಿಪಡಿಸಿಕೊಡದಿದ್ದರೆ ಎಷ್ಟೋ ಮಂದಿ ಚೀಟಿಗಾಗಿ ಕೋಲಾರಕ್ಕೆ ಹೋದವರು ಅಲ್ಲಿಂದ ಮನೆಗೇ ಹೋಗಿಬಿಡುತ್ತಾರೆ.

ಗುಣವಾಗದವರ ಪಾಡೂ ಹೇಳಬೇಕು, ಸ್ಮರಣ ಸಂಚಿಕೆಗಳಲ್ಲಿ ಇದನ್ನು ಹಾರಿಸಿಬಿಡುವ ವಾಡಿಕೆಯಿದೆ. ಕೋಲಾರದಿಂದ ಬರುವವರಲ್ಲಿ ತೀರ ತಡವಾಗಿ ಬರುವವರೇ ಬಹಳ. ಅವರಿಗೆ ಬೇಕಾದದ್ದು ನೋವಿಲ್ಲದ ದಿನಗಳು, ವಾಸನೆ ಬರದಂತೆ ಗಾಯದ ಆರೈಕೆ. ಬಾಯಿಂದ ಕೊಡುವ ಮಾರ್ಫಿನ್ ಅಗ್ಗದ ಔಷಧ, ಆದರೆ ಮಾದಕ ವಸ್ತುಗಳ ಕಾನೂನಿನ ಭಯದಿಂದ ದಶಕಗಳ ಕಾಲ ಹಳ್ಳಿಗೆ ತಲುಪಲೇ ಇಲ್ಲ. 2014ರ ತಿದ್ದುಪಡಿ ಅದನ್ನು ಸ್ವಲ್ಪ ಸಡಿಲಿಸಿತು. ಮಾರತ್ತಹಳ್ಳಿಯ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ಕಾಸೂ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಕೋಲಾರದ ಕಡೆಯಿಂದ ಬೆಂಗಳೂರಿಗೆ ಬರುವ ಹಾದಿಗೆ ಅದು ದೂರವಲ್ಲ. ಆದರೂ ನಮ್ಮವರು ಸಾಯುವುದಕ್ಕೆ ಊರೇ ಬೇಕು ಎನ್ನುತ್ತಾರೆ, ಅದು ಸರಿಯೂ ಹೌದು. ಹಾಗಿದ್ದ ಮೇಲೆ ಮಾರ್ಫಿನ್ ಗುಳಿಗೆಯೂ ಗಾಯಕ್ಕೆ ಬಟ್ಟೆ ಕಟ್ಟಬಲ್ಲ ನರ್ಸೂ ಊರಿಗೇ ಹೋಗಬೇಕು. ಜಿಲ್ಲೆಯ ಎಲ್ಲ ತಾಲ್ಲೂಕುಗಳಲ್ಲೂ ಅತ್ಯಂತ ಬಡವಾಗಿರುವ ಸೇವೆ ಇದು.

ಗರ್ಭಕೊರಳಿನ ಕ್ಯಾನ್ಸರ್, ಸ್ತನ ಕ್ಯಾನ್ಸರ್‌ಗಳಿಗೂ ತಪಾಸಣೆಯ ದಾರಿಗಳಿವೆ. ಗರ್ಭಕೊರಳಿಗೆ ವಿನಿಗರ್‌ನಂಥ ಆಮ್ಲ ಹಚ್ಚಿ ಬಿಳಿ ಮಚ್ಚೆ ಕಾಣುತ್ತದೆಯೇ ಎಂದು ನೋಡುವ ಪರೀಕ್ಷೆಗೆ ಖರ್ಚೇ ಇಲ್ಲ. ಬಾಯಿಗಂತೂ ಒಂದು ಟಾರ್ಚು ಸಾಕು. 2024ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ಗೃಹ ಆರೋಗ್ಯ ಯೋಜನೆಯನ್ನು ಕೋಲಾರ ಜಿಲ್ಲೆಯಿಂದಲೇ ಆರಂಭಿಸಿತು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಬಿಪಿ, ಸಕ್ಕರೆಯ ಜೊತೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ಲಕ್ಷಣಗಳನ್ನೂ ವಿಚಾರಿಸುತ್ತಾರೆ. ಮೂವತ್ತು ದಾಟಿದ ಎಲ್ಲರೂ ಇದರ ಲೆಕ್ಕಕ್ಕೆ ಬರುತ್ತಾರೆ. ಬಿಳಿ ಮಚ್ಚೆ, ಕೆಂಪು ಮಚ್ಚೆ, ಮೂರು ಬೆರಳು ಹಿಡಿಸದ ಬಾಯಿ ಕಂಡರೆ ಮೇಲಿನ ಆಸ್ಪತ್ರೆಗೆ. ಮನೆಮನೆಗೆ ಹೋಗಿ ಮಾತಾಡಿಸುವ ಈ ಕ್ರಮ ಕೋಲಾರಕ್ಕೆ ಹೊಸದೇನಲ್ಲ, 117 ಹಳ್ಳಿಗಳಲ್ಲಿ ಮೂವತ್ತು ವರ್ಷಕ್ಕೂ ಹಿಂದೆಯೇ ನಡೆದಿತ್ತು. ನಡುವಿನ ಅವಧಿಯಲ್ಲಿ ಗುಟ್ಕಾ ಬಂತು. 2013ರ ಮೇ 31ರಂದು ರಾಜ್ಯ ಅದನ್ನು ನಿಷೇಧಿಸಿದರೆ ಮಾರುವವರು ಪಾನ್ ಮಸಾಲೆಯದೊಂದು, ತಂಬಾಕಿನದೊಂದು ಎಂದು ಎರಡು ಪೊಟ್ಟಣ ಮಾಡಿದರು. ಟೊಮ್ಯಾಟೊ ಮಂಡಿಯಲ್ಲಿ ಕ್ರೇಟು ಹೊರುವ ಹುಡುಗರು ಅವನ್ನು ಅಂಗೈಯಲ್ಲೇ ಬೆರೆಸಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಅಜ್ಜಿಯರ ಕಾಯಿಲೆ ಮೂವತ್ತೈದರ ಗಂಡಸರಿಗೆ ಬರತೊಡಗಿದೆ ಎಂದು ವೈದ್ಯರು ಹೇಳುವುದರಲ್ಲಿ ಆಶ್ಚರ್ಯವಿಲ್ಲ.

ಈ ಸಂಚಿಕೆಯನ್ನು ಓದುವ ಕಿದ್ವಾಯಿ ಸಂಸ್ಥೆಯ ಹಿರಿಯರಲ್ಲಿ ನನ್ನದೊಂದು ಕೋರಿಕೆ. 1990ರ ಸುಮಾರಿಗೆ ಆ 117 ಹಳ್ಳಿಗಳಲ್ಲಿ ಇಪ್ಪತ್ತೈದರ ಹರೆಯದಲ್ಲಿದ್ದ ಹೆಂಗಸರಿಗೆ ಈಗ ಅರವತ್ತು, ಬಾಯಿಯ ಕ್ಯಾನ್ಸರು ಹೊರಬೀಳುವ ವಯಸ್ಸು. ಅಂದು ಹೊಗೆಸೊಪ್ಪು ಬಿಟ್ಟವರಲ್ಲಿ ಎಷ್ಟು ಜನ ಬಿಟ್ಟೇ ಇದ್ದಾರೆ, ಅವರಲ್ಲಿ ಎಷ್ಟು ಜನಕ್ಕೆ ರೋಗ ಬಂತು, ಹೋಲಿಕೆಯ ಹಳ್ಳಿಗಳಲ್ಲಿ ಎಷ್ಟು ಜನಕ್ಕೆ ಬಂತು ಎಂದು ಮತ್ತೊಮ್ಮೆ ಎಣಿಸಬೇಕು. ಹಳ್ಳಿಗಳ ಪಟ್ಟಿ ಇದೆ, ಮೊದಲ ಎಣಿಕೆ ಅಚ್ಚಾಗಿದೆ, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು ಇದ್ದಾರೆ, ಟಮಕದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದಾರೆ. ಮುಂದಿನ ಮುಂಗಾರಿಗೆ ಮುಂಚೆ ಶುರುಮಾಡಿದರೆ ಮಾವಿನ ಕಾಲ ಮುಗಿದ ಮೇಲೆ ಶ್ರೀನಿವಾಸಪುರದಲ್ಲೂ ಜನ ಮನೆಯಲ್ಲೇ ಸಿಗುತ್ತಾರೆ.